ಅಂಥದ್ದೇನಿಲ್ಲ ಎನ್ನುತ್ತಿದ್ದ ನಮ್ಮ ಭಾವ

ನಮ್ಮ ಭಾವನವರ ಬಾಯಲ್ಲಿ ಹಗಲಿಡೀ ಉರುಳುತ್ತಿದ್ದುದು ಒಂದೇ ಮಾತು: "ಅಂಥದ್ದೇನಿಲ್ಲ." ಜ್ವರದಲ್ಲಿ ಮೈ ಕೆಂಡವಾಗಿ ಹಲ್ಲು ಕಟಕಟಿಸುತ್ತಿದ್ದರೂ ಅಂಥದ್ದೇನಿಲ್ಲ, ಮೆಟ್ಟಿಲಿಂದ ಜಾರಿ ಕಾಲು ಕುಂಬಳಕಾಯಿಯಂತೆ ಊದಿದ್ದರೂ ಅಂಥದ್ದೇನಿಲ್ಲ, ಒಮ್ಮೆ ಇಸ್ತ್ರಿಪೆಟ್ಟಿಗೆ ಆರಿಸಲು ಮರೆತು ಕೋಣೆಯ ತುಂಬ ಹೊಗೆ ಎದ್ದು, ಪಕ್ಕದ ಮನೆಯವರು ಬಕೆಟ್ಟು ಹಿಡಿದು ಓಡಿಬಂದಾಗ, ಬಾಗಿಲನ್ನು ಅರ್ಧವೇ ತೆರೆದು, ಕೆಮ್ಮುತ್ತ ಕೆಮ್ಮುತ್ತ ಅವರು ಹೇಳಿದ್ದೂ ಅದನ್ನೇ. ಅಂದು ಇಸ್ತ್ರಿಪೆಟ್ಟಿಗೆಗೆ ಸುಟ್ಟು ಮೊಣಕೈಯಲ್ಲಿ ತೂತಾದ ಬೂದುಬಣ್ಣದ ಕೋಟನ್ನು ಅವರು ಇಂದಿಗೂ ತೊಡುತ್ತಾರೆ. "ಎಸೀರಿ ಅಂದ್ರೆ ಕೇಳಲ್ಲ, ಹೊಲಿಸ್ತೀನಿ ಅಂದ್ರೂ ಬೇಡ. ಅಂಗೈಯಲ್ಲಿ ಮುಚ್ಕೊಂಡು ಓಡಾಡ್ತಾರೆ, ಯಾರಿಗೂ ಕಾಣ್ಸಲ್ಲ ಅಂದ್ಕೊಂಡಿದಾರೆ ಪಾಪ!" ಎಂದು ನನ್ನ ಅಕ್ಕ ಎಲ್ಲರೆದುರಿಗೂ ಆಡಿಕೊಳ್ಳುತ್ತಾಳೆ.

ರಸ್ತೆ ಎಷ್ಟೇ ವಿಶಾಲವಾಗಿರಲಿ, ಭಾವ ಗೋಡೆಯ ಪಕ್ಕಕ್ಕೇ ಒತ್ತಿಕೊಂಡು, ಹಿಂದಿನಿಂದ ಬರುವ ಯಾರಿಗೋ ದಾರಿ ಬಿಡುವವರಂತೆ ಓರೆಯಾಗಿ ನಡೆಯುವವರು. ಇಂಥ ಸಂಕೋಚದ ಮುದ್ದೆಗೂ ಒಂದೇ ಒಂದು ಅಭಿಮಾನಸ್ಥಾನವಿತ್ತು. ಕಚೇರಿಯ ಕೆಲಸ ಮುಗಿಸಿ ಬಂದ ಮೇಲೆ, ಅಡುಗೆಮನೆಯ ಕಿಟಕಿಗೂ ಫ್ರಿಜ್ಜಿಗೂ ನಡುವೆ ಇಟ್ಟ ಕಿರುಮೇಜಿನಲ್ಲಿ ಕೂತು, ಅವರು ವರ್ಷಾನುಗಟ್ಟಲೆ ಶ್ರದ್ಧೆಯಿಂದ ಕಟ್ಟಿದ ಒಂದು ತಂತ್ರಾಂಶ ಅದು. ಜಾಲತಾಣಕ್ಕೆ ಬಂದವರು ತಾವು ಹೇಳಿಕೊಂಡವರೇ ಹೌದೋ ಅಲ್ಲವೋ ಎಂದು ಪಾಸ್‌ವರ್ಡ್ ಕೇಳಿ ಒಳಗೆ ಬಿಡುವ ಕೆಲಸ ಅದರದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಅದರ ಒಳಗನ್ನೆಲ್ಲ ಬಿಚ್ಚಿ ಪರಿಶೀಲಿಸಬಹುದು. ಶಾಲೆಗಳು, ಗ್ರಂಥಾಲಯಗಳು, ಅಂಗಡಿಗಳು ಅದನ್ನು ನಂಬಿದ್ದವು. ಅದರ ವಿಷಯ ಬಂತೆಂದರೆ ಭಾವನವರಿಗೆ ಎಲ್ಲಿಲ್ಲದ ಗತ್ತು. ಬೇರೊಂದು ತಂಡ ಮಾಡಿದ್ದ ತಪ್ಪೊಂದನ್ನು ತುಂಬಿದ ಸಭೆಯಲ್ಲಿ ಎತ್ತಿ ಆಡಿ, ಜನರನ್ನು ಬಿದ್ದು ಬಿದ್ದು ನಗಿಸಿದ್ದರಂತೆ ಈ ಮಹಾನುಭಾವರು!

ವಿಧಿ ನೋಡಿ, ಅದೇ ಜಾತಿಯ ತಪ್ಪು ಅವರ ಮೇಜಿಗೂ ಬಂತು. ಮುಖಪರಿಚಯವೂ ಇಲ್ಲದ ವಿದ್ಯಾರ್ಥಿನಿಯೊಬ್ಬಳು ಗುಟ್ಟಾಗಿ, ವಿನಯದಿಂದ ಬರೆದು ತಿಳಿಸಿದಳು: ಪಾಸ್‌ವರ್ಡ್ ಮರೆತವರಿಗೆ ಇಮೇಲಿನಲ್ಲಿ ಹೋಗುವ ಲಿಂಕು ಒಂದು ಸಲ ಬಳಸಿದ ಕೂಡಲೇ ಸಾಯಬೇಕು, ನಿಮ್ಮದು ಸಾಯುತ್ತಿಲ್ಲ, ಹಳೆಯ ಲಿಂಕು ಸಿಕ್ಕವರು ಯಾವಾಗ ಬೇಕಾದರೂ ಹೊಸ ಪಾಸ್‌ವರ್ಡ್ ಇಟ್ಟು ಒಳಗೆ ಹೋಗಬಹುದು. ಈ ವೃತ್ತಿಯಲ್ಲೊಂದು ಮರ್ಯಾದೆಯಿದೆ. ದೋಷ ಕಂಡವರು ಮೊದಲು ಗುಟ್ಟಾಗಿ ಹೇಳುತ್ತಾರೆ, ಮಾಡಿದವರು ಸರಿಪಡಿಸುತ್ತಾರೆ, ಸರಿಪಡಿಸಿದ ಮೇಲೆ, 'ತೂತಿತ್ತು, ಅಪಾಯವಿದೆ, ಹೊಸ ಆವೃತ್ತಿಯನ್ನು ಇಂದೇ ಹಾಕಿಕೊಳ್ಳಿ' ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತಾರೆ. ಭಾವ ಮೊದಲೆರಡನ್ನೂ ಅಚ್ಚುಕಟ್ಟಾಗಿ ಮಾಡಿದರು. ಮೂರನೆಯದಕ್ಕೆ ಬಂದಾಗ ಆ ಸಭೆಯ ನಗು ಕಿವಿಯಲ್ಲಿ ಮೊಳಗಿತೋ ಏನೋ, ಹೊಸ ಆವೃತ್ತಿಯ ವಿವರದಲ್ಲಿ 'ಸಣ್ಣಪುಟ್ಟ ಒಪ್ಪ ಓರಣ' ಎಂದಷ್ಟೇ ಬರೆದು ಕೈತೊಳೆದುಕೊಂಡರು. ಪ್ರಕಟಣೆ ಯಾವಾಗ ಎಂದು ಆ ಹುಡುಗಿ ಕೇಳಿದ್ದಕ್ಕೆ, ಪರಭಾಷೆಯಲ್ಲಿ, ಅಂಥದ್ದೇನಿಲ್ಲ ಎಂದೇ ಉತ್ತರಿಸಿದರು.

ಇದೆಲ್ಲ ನಮಗೆ ತಿಳಿದದ್ದು ಒಂದು ಭಾನುವಾರ, ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಭಾವನವರ ತಂಗಿ ಬಂದಾಗ. ಆಕೆ ಮನಸ್ಸು ನೊಂದವರಿಗೆ ಸಾಂತ್ವನ ಹೇಳುವ ಆಪ್ತಸಲಹೆಗಾರ್ತಿ; ಅವಳಲ್ಲಿಗೆ ಬರುವವರು ಬಾಯಿಬಿಟ್ಟು ಹೇಳಲಾಗದ್ದನ್ನು ಅವಳ ಜಾಲತಾಣದಲ್ಲಿ ಬರೆದಿಡುತ್ತಾರೆ. ಅದಕ್ಕೆ ಅಣ್ಣನ ತಂತ್ರಾಂಶದ್ದೇ ಕಾವಲು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು: ಅವಳಲ್ಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು, ಗಂಡ ತನ್ನ ಇಮೇಲೆಲ್ಲ ನೋಡುತ್ತಾನೆಂದು, ಅವನಿಗೆ ತಿಳಿಯದ ಹೊಸ ಇಮೇಲ್ ಮಾಡಿಕೊಂಡು, ನೆಮ್ಮದಿಯಾಗಿ ಬರೆಯುತ್ತಿದ್ದಳು. ಹಳೆಯ ಇಮೇಲಿನಲ್ಲಿ, ಎಂದೋ ಪಾಸ್‌ವರ್ಡ್ ಮರೆತಾಗ ಬಂದಿದ್ದ ಲಿಂಕೊಂದು ಬಿದ್ದಿತ್ತು. ಗಂಡ ಅದನ್ನು ಒತ್ತಿದ, ಬಾಗಿಲು ತೆರೆಯಿತು. ಅವನ ಬಗ್ಗೆ, ತನ್ನ ಭಯದ ಬಗ್ಗೆ, ಮನೆ ಬಿಟ್ಟು ಹೋಗುವ ತಯಾರಿಯ ಬಗ್ಗೆ ಅವಳು ಬರೆದಿದ್ದನ್ನೆಲ್ಲ ಅವನು ಗಟ್ಟಿಯಾಗಿ, ಮನೆಮಂದಿಯೆದುರು ಓದಿದನಂತೆ.

"ನೀನು ಹೊಸ ಆವೃತ್ತಿ ಬಿಟ್ಟಿದ್ದು ನೋಡಿದ್ದೆ ಅಣ್ಣಾ. ಒಪ್ಪ ಓರಣ ಅಂತಿತ್ತು. ಕೆಲಸದ ಗಡಿಬಿಡಿ, ಆಮೇಲೆ ಹಾಕ್ಕೊಂಡ್ರಾಯ್ತು ಅಂತ ಬಿಟ್ಟುಬಿಟ್ಟೆ. ಆಗ್ಲೇ ಹಾಕ್ಕೊಂಡಿದ್ರೆ ಹೀಗೆ ಆಗ್ತಿರ್ಲಿಲ್ವಾ? ತಪ್ಪು ನಂದೇನಾ?"

"ಅಂಥ..." ಎಂದರು ಭಾವ. ಅವರ ಅಂಗೈ ಮೊಣಕೈಯ ತೂತನ್ನು ಹುಡುಕಿಕೊಂಡು ಹೋಯಿತು. ಅಂದು ಅವರು ಕೋಟು ತೊಟ್ಟಿರಲಿಲ್ಲ. ಆಮೇಲೆ, ನೆಲ ನೋಡುತ್ತ, "ನಿಂದಲ್ಲ. ಅದು ಒಪ್ಪ ಓರಣ ಅಲ್ಲ, ದೊಡ್ಡ ತೂತು. ನಂಗೆ ಗೊತ್ತಿತ್ತು. ನಾಚಿಕೆಯಾಗಿ ಬರೀಲಿಲ್ಲ" ಎಂದರು. ತಂಗಿ ಬಯ್ಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾದೆ. ಆಕೆ, "ಆ ಹೆಣ್ಣುಮಗಳಿಗೆ ನಾನು ಏನಂತ ಹೇಳ್ಲಿ?" ಎಂದಷ್ಟೇ ಕೇಳಿ, ನೀರನ್ನೂ ಮುಟ್ಟದೆ ಹೊರಟುಹೋದಳು. ಅನ್ನ ಆರುತ್ತ ಕೂತಿತು. ಅಂಥ ನಾಚಿಕೆಯನ್ನು ಎದುರಿಗೆ ಕೂತು ನೋಡುವುದೂ ಒಂದು ಶಿಕ್ಷೆ.

ಇನ್ನೆಷ್ಟು ಜಾಲತಾಣಗಳಲ್ಲಿ ಆ ತೂತು ಹಾಗೇ ಬಾಯಿಬಿಟ್ಟುಕೊಂಡಿದೆಯೋ ಎಂಬ ಭಯ ಹತ್ತಿದ್ದೇ ಭಾವ ಆ ಕಿರುಮೇಜಿಗೆ ಹೋಗಿ ಕೂತರು. 'ಕೆಲವು ಸಂದರ್ಭಗಳಲ್ಲಿ ಸ್ವಲ್ಪ ತೊಂದರೆಯಾಗುವ ಸಾಧ್ಯತೆ' ಎಂದು ಬರೆದರು. ಬೆನ್ನ ಹಿಂದೆ ಸೌಟು ಹಿಡಿದು ನಿಂತಿದ್ದ ಅಕ್ಕ, "ರೀ, ಆ 'ಸ್ವಲ್ಪ' ತೆಗೀರಿ" ಎಂದಳು. ತೆಗೆದರು. "ಆ 'ಸಾಧ್ಯತೆ'ನೂ ತೆಗೀರಿ. ಆಗೋಗಿದೆ." ಅದನ್ನೂ ತೆಗೆದರು. ಒಂದೊಂದು ಪದ ಕಿತ್ತಾಗಲೂ ಹಲ್ಲು ಕೀಳಿಸಿಕೊಂಡವರ ಹಾಗೆ ಮುಖ ಕಿವುಚುತ್ತಿದ್ದರು. ಕೊನೆಗೆ ಉಳಿದದ್ದು ಇಷ್ಟು: 'ತಪ್ಪು ನನ್ನದು. ಅದನ್ನು ಕಂಡುಹಿಡಿದದ್ದು ಈ ವಿದ್ಯಾರ್ಥಿನಿ. ತಿಳಿದ ಮೇಲೂ ನಾನು ನಿಮ್ಮಿಂದ ಮುಚ್ಚಿಟ್ಟೆ. ಅದರಿಂದ ಒಬ್ಬರ ಬದುಕಿಗೆ ಕೇಡಾಗಿದೆ. ಇಂದೇ ಬದಲಿಸಿಕೊಳ್ಳಿ.' ಕೆಳಗೆ ಆಕೆಯ ಹೆಸರು, ಅದರ ಕೆಳಗೆ ತಮ್ಮದು.

ಜನ ಬೈದರು, ಅದನ್ನವರು ತಾಳಿಕೊಂಡರು. ಆದರೆ ಅದಕ್ಕಿಂತ ಹೆಚ್ಚು ಜನ, ಎಂಥ ಪ್ರಾಮಾಣಿಕತೆ, ಎಂಥ ಧೈರ್ಯ ಎಂದು ಹೊಗಳಿಬಿಟ್ಟರು. ಹೊಗಳಿಕೆಯ ಪತ್ರ ಬಂದಾಗಲೆಲ್ಲ ಭಾವ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದರು. ವಿದ್ಯಾರ್ಥಿನಿ ಮಾತ್ರ, 'ನಾನು ಕೇಳಿದಾಗಲೇ ಬರೆಯಬೇಕಿತ್ತು' ಎಂದು ಉತ್ತರಿಸಿದಳು. ತಂಗಿ ಈಗಲೂ ಭಾನುವಾರ ಬರುತ್ತಾಳೆ, ಊಟ ಮಾಡುತ್ತಾಳೆ, ನಗುತ್ತಾಳೆ ಕೂಡ. ಜಾಲತಾಣಕ್ಕೆ ಮಾತ್ರ ಬೇರೆಯವರ ತಂತ್ರಾಂಶ ಹಾಕಿಸಿಕೊಂಡಿದ್ದಾಳೆ. ಅದನ್ನವಳು ಹೇಳಿದ ದಿನ ಭಾವ, "ಒಳ್ಳೇದಾಯ್ತು" ಎಂದರು. ಆ ಹೆಣ್ಣುಮಗಳು ತಂಗಿಯ ಕ್ಲಿನಿಕ್ಕಿಗೆ ಮತ್ತೆ ಬರಲಿಲ್ಲ, ಫೋನಿಗೂ ಸಿಗಲಿಲ್ಲ.

ಮೊನ್ನೆ ಭಾವನಿಗೆ ಬೆನ್ನು ಹಿಡಿದುಕೊಂಡಿತ್ತು. ಏನಾಯ್ತು ಭಾವ ಎಂದೆ. ತುಟಿ ಹಳೆಯ ಚಾಳಿಗೆ ಒಮ್ಮೆ ಅದುರಿ, "ತುಂಬಾ ನೋವಪ್ಪಾ" ಎಂದರು. ಅಬ್ಬಾ, ಅಷ್ಟು ಹೇಳುವಷ್ಟರಲ್ಲಿ ಅವರ ಕಿವಿ ಕೆಂಪಾಗಿಬಿಟ್ಟಿತು! ಇಂಥವರು ಸುಳ್ಳರಲ್ಲ, ಸೋಮಾರಿಗಳಲ್ಲ. ಪರರ ಮನೆಯ ಬಾಗಿಲು ಭದ್ರವಾಗಿರಲೆಂದು ತಮ್ಮ ಬಿಡುವನ್ನೆಲ್ಲ ತೇಯುವ ಸಜ್ಜನರು. ತಮ್ಮ ಕೈಕೆಲಸದ ಮೇಲೆ ಜೀವವಿಟ್ಟಿರುವುದರಿಂದಲೇ ಅದರ ಕೊರತೆಯನ್ನು ನಾಲ್ವರ ಕಣ್ಣಿಗೆ ತೋರಲಾರರು. ಮೆತ್ತನೆಯ ಮಾತೊಂದನ್ನು ಹೊದಿಸಿ ಮಗ್ಗುಲಾಗುತ್ತಾರೆ. ತಮಗೆ ಅವಮಾನವಾಗದಿದ್ದರೆ ಸಾಕು, ಇದರಿಂದ ಮತ್ತಾರಿಗೆ ಏನಾದೀತು ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತದೆ. ನಮ್ಮ ಭಾವನವರ ಮಾನ ಉಳಿಯಲೆಂದು ತನ್ನ ಮಾನ ತೆತ್ತವಳು ಅವರ ಹೆಸರನ್ನೂ ಕೇಳಿರಲಿಲ್ಲ.