ಎಡಗೈಯಲ್ಲಿ ಕಟ್ಟಿದ ಕ್ರೀಡಾಂಗಣ

ನಮ್ಮ ಹೈಸ್ಕೂಲಿನ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿದವನು ನಾನು. ಒಬ್ಬನೇ. ಅದೂ ಎಡಗೈಯಲ್ಲಿ, ಮಧ್ಯಾಹ್ನದ ಊಟಕ್ಕೂ ನಿದ್ದೆಗೂ ನಡುವೆ ಸಿಕ್ಕ ಬಿಡುವಿನಲ್ಲಿ. ಬಲಗೈ ಏನು ಮಾಡುತ್ತಿತ್ತು ಎಂದು ಕೇಳಬೇಡಿ. ಬಲಗೈಯಲ್ಲಿ ಮೈಕ್ ಇತ್ತು.

ಮೈಕ್ ಇಲ್ಲದ ನನ್ನ ಬಲಗೈಯನ್ನು ಕಂಡವರು ಊರಲ್ಲಿ ಕಡಿಮೆ. ವಾರವೆಲ್ಲ ನಾನು ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿಯವನು; ಪಂದ್ಯವಿದ್ದ ದಿನ ಇಡೀ ಊರಿಗೆ ಮೈಕಣ್ಣ. ಮೈದಾನದ ಮೂಲೆಯಲ್ಲಿ ತಗಡಿನ ಸೂರಿನ ಒಂದು ಗೂಡು, ಪಕ್ಕದಲ್ಲಿ ಕಂಬ, ಕಂಬದ ತುದಿಯಲ್ಲಿ ಧ್ವನಿವರ್ಧಕದ ಕಹಳೆಗಳು: ಅದು ನನ್ನ ಸಾಮ್ರಾಜ್ಯ. ನಾನು ಗೋಲನ್ನು ವರ್ಣಿಸುವುದು ಕೇಳಿದರೆ, ಇಷ್ಟೆಲ್ಲ ಮಾಡಿದ್ದು ನಾನೇನಾ ಎಂದು ಗೋಲು ಹೊಡೆದವನಿಗೇ ಅನುಮಾನ ಬರುತ್ತಿತ್ತು.

ಹಳೆಯ ಕ್ರೀಡಾಂಗಣದ ಅವಸ್ಥೆ ಹೇಳಿದರೆ ಉತ್ಪ್ರೇಕ್ಷೆ ಅಂದುಕೊಳ್ಳುತ್ತೀರಿ. ಗ್ಯಾಲರಿಯ ಬಿರುಕಿನೊಳಗೆ ಒಮ್ಮೆ ಟೈಲರನ ಕತ್ತರಿ ಬಿತ್ತು. ಹುಡುಕಲು ಅವನ ಭಾವಮೈದುನ ಇಳಿದ. ಭಾವಮೈದುನನನ್ನು ಹುಡುಕಲು ಇನ್ನೊಬ್ಬ ಇಳಿದ. ಕೊನೆಗೆ ಸಿಕ್ಕಿದ್ದು ಕತ್ತರಿ ಮಾತ್ರ. ನಲ್ಲಿ ತಿರುಗಿಸಿದರೆ ನೀರಿನ ಬದಲು ನಿಟ್ಟುಸಿರು ಬರುತ್ತಿತ್ತು. ಓಟದ ಹಾದಿಯಲ್ಲಿ ಎಷ್ಟು ಗುಂಡಿಗಳಿದ್ದವೆಂದರೆ ಓಟ, ಎತ್ತರ ಜಿಗಿತ, ಉದ್ದ ಜಿಗಿತ ಮೂರೂ ಒಂದೇ ಸ್ಪರ್ಧೆಯಲ್ಲಿ ಮುಗಿದುಹೋಗುತ್ತಿದ್ದವು.

ಅಂತೂ ಶಾಲೆಯವರು ರಿಪೇರಿಗೆ ಮನಸ್ಸು ಮಾಡಿದರು. ಬಂದ ಇಂಜಿನಿಯರಮ್ಮ ನಕ್ಷೆ ಹರಡಿ ಅಪ್ಪಣೆ ಕೊಡಿಸುವವರಲ್ಲ. ಒಂದು ಭಾನುವಾರ ಬೆಳಿಗ್ಗೆ ಊರನ್ನೇ ಮೈದಾನಕ್ಕೆ ಕರೆಸಿ, ಎಲ್ಲರ ಕೈಗೂ ಕಡ್ಡಿಗೆ ಅಂಟಿಸಿದ ಪುಟ್ಟ ಬಾವುಟಗಳನ್ನು ಹಂಚಿದರು.

"ಉಳಿಸ್ಬೇಕು ಅನ್ನೋದರ ಹತ್ರ ಹಸಿರು ನೆಡಿ, ತೆಗೀಬೇಕು ಅನ್ನೋದರ ಹತ್ರ ಕೆಂಪು. ಮಾತಾಡೋಕೆ ನಾಚಿಕೆ ಆದ್ರೂ ನೆಡೋಕೆ ನಾಚಿಕೆ ಬೇಡ" ಎಂದರು.

"ನನ್ನ ಗೂಡು?" ಎಂದೆ.

"ಅದಕ್ಕೂ ಅಷ್ಟೇ ಸರ್. ಹೊಸ ನಕ್ಷೆಯಲ್ಲಿ ಗೆದ್ದವರ ಹೆಸರು ತೋರಿಸೋ ದೊಡ್ಡ ಬೋರ್ಡ್ ಇದೆ. ಮೈಕ್ ಬೇಕೋ ಬೇಡವೋ, ಊರವರೇ ಹೇಳಲಿ."

ರಿಪೇರಿ ಅಂಗಡಿ ಇರುವುದು ಹೊಟ್ಟೆಗೆ. ಮೈಕ್ ಇರುವುದು ನನಗೆ. ಆದರೆ ಆ ಭಯವನ್ನು ತೋರಿಸಿಕೊಂಡರೆ ನಾನು ನಾನಲ್ಲ. "ನೋಡ್ತಿರಿ ಅಮ್ಮಾ, ನನ್ನ ಗೂಡಿನ ಸುತ್ತ ಹಸಿರು ಕಾಡೇ ಬೆಳೆಯುತ್ತೆ. ಆನೆ ಬಂದು ಸೇರ್ಕೊಂಡ್ರೆ ಓಡಿಸೋ ಜವಾಬ್ದಾರಿ ನಿಮ್ದು" ಎಂದೆ.

ಬೆಳಿಗ್ಗೆಯೆಲ್ಲ ವೈರಿಲ್ಲದ ಮೈಕ್ ಹಿಡಿದು ತಿರುಗಿ ತಿರುಗಿ ವರ್ಣಿಸಿದೆ. ಟೈಲರ್ ನೆರಳಿನ ಮರಕ್ಕೆ ಹಸಿರು ನೆಟ್ಟ. ಡ್ರಿಲ್ ಮಾಸ್ತರು ಉದ್ದ ಜಿಗಿತದ ಮರಳಿನ ಗುಂಡಿಗೆ ಹಸಿರು ನೆಟ್ಟು, ಮೊಟ್ಟೆ ಇಟ್ಟ ಕೋಳಿಯ ಹಾಗೆ ಅಲ್ಲೇ ನಿಂತರು. ಮೈದಾನದ ಗೋಡೆಗೆ ಅಂಟಿದ ಮನೆಯಲ್ಲಿರುವ ನನ್ನ ಅಕ್ಕ ಬಾವುಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಆಗಲೇ ಅನುಮಾನ ಪಡಬೇಕಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆಂದು ಶಾಲೆಯ ಹಾಲಿಗೆ ಹೋದರು. ಹಸಿವಿಲ್ಲವೆಂದು ನೆಪ ಹೇಳಿ ಗೂಡಿನ ಕಡೆ ಬಂದವನು ಅಲ್ಲೇ ಕಲ್ಲಾದೆ. ಕಂಬದ ಬುಡದ ತುಂಬ ಮೆಣಸಿನಕಾಯಿ ಒಣಹಾಕಿದ ಹಾಗೆ ಕೆಂಪೋ ಕೆಂಪು. ಅದರ ನಡುವೆ, ದಾರಿ ತಪ್ಪಿ ಬಂದಂತೆ, ಒಂದೇ ಒಂದು ಹಸಿರು.

ಸುತ್ತ ನೋಡಿದೆ. ನರಪಿಳ್ಳೆ ಇಲ್ಲ. ಹತ್ತಿರದಲ್ಲಿ ಮೆತ್ತನೆಯ ನೆಲವೆಂದರೆ ಮರಳಿನ ಗುಂಡಿ. ಎಡಗೈ ತಾನಾಗಿ ಮುಂದೆ ಹೋಯಿತು. ಇನ್ನು ಬಾಯಿ? ವರ್ಣಿಸದೆ ನನಗೆ ಹಲ್ಲುಜ್ಜಲೂ ಬರುವುದಿಲ್ಲ.

"ಎಡಗೈ ಚಾಚಿದ ವೀರ! ಮೊದಲ ಕೆಂಪು ಕಿತ್ತೇ ಬಂತು! ಇದು ಟೈಲರಂದು, ಅಳತೆ ತಪ್ಪಿ ಸೊಟ್ಟಗೆ ನೆಟ್ಟಿದ್ದಾನೆ! ಇದೋ, ಕುತ್ತಿಗೆವರೆಗೂ ಹೂತಿರೋ ಕಡ್ಡಿ! ಇಷ್ಟು ಸಿಟ್ಟು ನಮ್ಮ ವಂಶದಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ, ಇದು ಅಕ್ಕಂದೇ! ಓಡಿದ ವೀರ, ಮರಳಿನ ಗುಂಡಿ ಕಡೆಗೆ! ಮಾಸ್ತರ ಹಸಿರಿನ ಪಕ್ಕದಲ್ಲೇ ನೆಟ್ಟ! ಮತ್ತೆ ನೆಟ್ಟ! ನೋಡೋಕೆ ಒಂದು ನೊಣವೂ ಇಲ್ಲ!"

ಊಟ ಮುಗಿಸಿ ಬಂದವರ ಮುಖಗಳು ಇಸ್ತ್ರಿ ಹಾಕಿದ ಹಾಗೆ ನೆಟ್ಟಗಿದ್ದವು. ಇಂಜಿನಿಯರಮ್ಮ ನೇರ ಮರಳಿನ ಗುಂಡಿಯ ಹತ್ತಿರ ನಿಂತರು.

"ಉದ್ದ ಜಿಗಿತ ಬೇಡ ಅಂತೀರಾ ಎಲ್ರೂ? ಬೆಳಿಗ್ಗೆ ಇಲ್ಲಿ ಒಂದೂ ಕೆಂಪು ಇರಲಿಲ್ಲ."

"ಏನು ಹೇಳ್ಲಿ ಅಮ್ಮಾ!" ಎಂದೆ. "ನೀವು ಅತ್ತ ಹೋದ್ರಿ, ಇತ್ತ ಸುಂಟರಗಾಳಿ ಎದ್ದಿತು. ಬಾವುಟ ಎಲ್ಲ ಹಾರಿ ಬಂದು ಇಲ್ಲಿ ಬಿದ್ವು. ನಾನು ಕಂಬ ತಬ್ಬಿಕೊಂಡು ಬದುಕಿದೆ. ನನ್ನ ಒಂದು ಚಪ್ಪಲಿ ಇನ್ನೂ ಮೇಲೇ ಸುತ್ತುತ್ತಿದೆ."

ಎಲ್ಲರೂ ನನ್ನ ಕಾಲು ನೋಡಿದರು. ಎರಡೂ ಚಪ್ಪಲಿ ಇದ್ದವು.

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಹೌದೇನೋ? ಆ ಸುಂಟರಗಾಳಿ ಎಡಚನೋ?"

ಟೈಲರ್ ತಡೆಯಲಾರದೆ ಗೊಳ್ಳೆಂದ. ಅವನ ಹಿಂದೆ ಊರೇ ಗೊಳ್ಳೆಂದಿತು. ನಾನು ಮೆಲ್ಲಗೆ ಕೈಯಲ್ಲಿದ್ದ ಮೈಕ್ ನೋಡಿದೆ. ಅದರ ಪುಟ್ಟ ದೀಪ ಉರಿಯುತ್ತಿತ್ತು. ಬೆಳಿಗ್ಗೆಯಿಂದ ಆರಿಸಿಯೇ ಇರಲಿಲ್ಲ. ತಲೆಯ ಮೇಲೇ ಕಹಳೆ ಕೂಗುತ್ತಿದ್ದರೂ ಹೇಗೆ ತಿಳಿಯಲಿಲ್ಲ ಅಂತೀರಾ? ನನ್ನ ಧ್ವನಿ ನನಗೆ ಯಾವಾಗಲೂ ಅಷ್ಟೇ ಜೋರಾಗಿ ಕೇಳುತ್ತದೆ.

"ಮಂಕೇ," ಎಂದಳು ಅಕ್ಕ, "ಕೆಂಪು ನೆಟ್ಟಿದ್ದು ನಿನಗಲ್ಲ ಕಣೋ, ಆ ಕಹಳೆಗೆ. ಅದರ ಬಾಯಿ ಸೀದಾ ನನ್ನ ಅಡುಗೆಮನೆಗಿದೆ. ನೀನು 'ಗೋಲ್' ಅಂದ್ರೆ ನನ್ನ ಕೈಯಲ್ಲಿರೋ ಸೌಟು ಹಾರುತ್ತೆ. ಕಂಬದ ತುದಿಗೆ ಹತ್ತಿ ಬಾವುಟ ಕಟ್ಟೋಕೆ ನಾನೇನು ಕೋತಿನಾ? ಬುಡದಲ್ಲಿ ನೆಟ್ಟೆ."

"ನಂದೂ ಅದೇ ದೂರು ಮೈಕಣ್ಣ" ಎಂದ ಟೈಲರ್. ಸುತ್ತಲಿನ ತಲೆಗಳೂ ಆಡಿದವು.

"ಹಾಗಾದ್ರೆ ಕಹಳೆಗಳನ್ನ ಕೆಳಗಿಳಿಸಿ ಒಳಗಡೆಗೆ ತಿರುಗಿಸೋಣ" ಎಂದರು ಇಂಜಿನಿಯರಮ್ಮ. "ಆದ್ರೆ ಮೈಕ್ ಬೇಕು ಅಂತ ನೆಟ್ಟಿರೋರು ಒಬ್ಬರೇ. ಆ ಹಸಿರು ಯಾರದು?"

ಹಿಂದಿನ ಸಾಲಿನಿಂದ ಬೇಕರಿಯವನ ಮಗಳು ಕೈಯೆತ್ತಿದಳು. ಶಾಲೆಯ ದೂರದ ಓಟದಲ್ಲಿ ಓಡುವ ಹುಡುಗಿ. ಒಮ್ಮೆಯೂ ಕೊನೆಯ ಜಾಗ ಬಿಟ್ಟುಕೊಟ್ಟವಳಲ್ಲ.

"ಬೋರ್ಡಲ್ಲಿ ಮೊದಲ ಮೂರು ಹೆಸರು ಬರುತ್ತೆ ಅಷ್ಟೇ" ಎಂದಳು. "ನಾನು ಬರೋಷ್ಟರಲ್ಲಿ ಎಲ್ಲರೂ ಬೆನ್ನು ತಿರುಗಿಸಿರ್ತಾರೆ. ನಾನು ಗೆರೆ ಮುಟ್ಟೋವರೆಗೂ ನನ್ನ ಬಗ್ಗೆ ಮಾತಾಡೋದು ಮೈಕಣ್ಣ ಮಾಮ ಒಬ್ರೇ. ಸುಳ್ಳೇ ಹೇಳ್ತಾರೆ, ಚಿರತೆ ಗಿರತೆ ಅಂತ. ಆದ್ರೂ ಕಾಲು ಓಡುತ್ತೆ."

ಮೈಕ್ ಕೈಯಲ್ಲಿತ್ತು, ದೀಪವೂ ಉರಿಯುತ್ತಿತ್ತು. ನಾನೇ ಅದನ್ನು ಆರಿಸಿದೆ.

ಅಕ್ಕ ಟೈಲರನ ಕೈಯಿಂದ ಒಂದು ಹಸಿರು ಕಸಿದುಕೊಂಡು ಹೋಗಿ ಗೂಡಿನ ಮುಂದೆ ಕುತ್ತಿಗೆವರೆಗೂ ಹೂತಳು. ಅವಳ ಹಿಂದೆ ಉಳಿದವರೂ ಹೊರಟರು. ಡ್ರಿಲ್ ಮಾಸ್ತರು ಮಾತ್ರ ಕಸ ಎಳೆಯುವ ಹಲ್ಲುಕೋಲು ತಂದು ನನ್ನ ಮುಂದೆ ಹಿಡಿದರು. "ಮೈಕ್ ಇರಲಿ. ನನ್ನ ಮರಳು ಸಮ ಮಾಡೋರು ಯಾರು?"

ಕೆಲಸ ಮುಗಿದು ಕ್ರೀಡಾಂಗಣ ತೆರೆದ ದಿನ ನೀವು ನೋಡಬೇಕಿತ್ತು. ಗ್ಯಾಲರಿಯಲ್ಲಿ ಬಿರುಕಿಲ್ಲ, ನಲ್ಲಿಯಲ್ಲಿ ನೀರು, ಕಹಳೆಗಳು ಒಳ್ಳೆಯ ಮಕ್ಕಳ ಹಾಗೆ ಮೈದಾನದ ಕಡೆ ಮುಖ ಮಾಡಿವೆ. ಈ ಕಥೆಯ ಮೊದಲ ಸಾಲುಗಳನ್ನೇ ಮೈಕಿನಲ್ಲಿ ಗಂಭೀರವಾಗಿ ಹೇಳಿ ಉದ್ಘಾಟನೆ ಮುಗಿಸಿದೆ.

ಆಮೇಲೆ ದೂರದ ಓಟ. ಮೊದಲ ಮೂವರು ಗೆರೆ ಮುಟ್ಟುತ್ತಲೇ ಕೆಳಗಿದ್ದವರೆಲ್ಲ ಗೆದ್ದವಳನ್ನು ಎತ್ತಿ ಕುಣಿಸಲು ಓಡಿದರು, ಗ್ಯಾಲರಿಯ ಕಣ್ಣೂ ಅತ್ತಲೇ. ಹಿಂದೆ ಬರುತ್ತಿದ್ದವರನ್ನು ನೋಡುತ್ತಿದ್ದವನು ನಾನೊಬ್ಬನೇ. ಬೇಕರಿಯವನ ಮಗಳು ಕೊನೆಯ ತಿರುವಿನಲ್ಲಿ ಒಬ್ಬಳನ್ನು ಹಿಂದೆ ಹಾಕಿದಳು!

"ಕೊನೆಯವಳಲ್ಲ!" ಎಂದು ಕಿರುಚಿದೆ. "ಕೊನೆಯಿಂದ ಎರಡನೆಯವಳು! ನಾನೇ ಕಂಡೆ!"

ಗ್ಯಾಲರಿ ನಕ್ಕಿತು. ಅವಳಪ್ಪನೂ ನಕ್ಕ. ಹುಡುಗಿ ಏದುಸಿರು ಬಿಡುತ್ತ ನನ್ನ ಗೂಡಿನ ಕಡೆಗೇ ನೋಡುತ್ತಿದ್ದಳು.

"ಆಣೆ ಮಾಡಿ ಹೇಳ್ತೀನಿ!"

"ಮೊದಲು ಎಡಗೈ ವಿಷಯ ನಿಜ ಹೇಳೋ, ಆಮೇಲೆ ನಂಬ್ತೀವಿ!" ಎಂದು ಗ್ಯಾಲರಿಯಿಂದ ಅಕ್ಕ ಕೂಗಿದಳು. ಅವಳಿಗೆ ಮೈಕೇ ಬೇಕಾಗಿಲ್ಲ.

ಹುಡುಗಿ ಇನ್ನೂ ನೋಡುತ್ತಲೇ ಇದ್ದಳು.

"ಸರಿ" ಎಂದೆ ಮೈಕಿನಲ್ಲಿ. "ಕ್ರೀಡಾಂಗಣ ಕಟ್ಟಿದ್ದು ನಾನಲ್ಲ. ಇಂಜಿನಿಯರಮ್ಮ, ಗಾರೆಯವರು, ಬಾವುಟ ನೆಟ್ಟ ನೀವು. ಎಡಗೈಯಲ್ಲಿ ನಾನು ಮಾಡಿದ್ದು ಬಾವುಟ ಕದ್ದದ್ದು, ಆಮೇಲೆ ಮರಳು ಸಮ ಮಾಡಿದ್ದು. ಅದೂ ಅರ್ಧ, ಉಳಿದರ್ಧ ಮಾಸ್ತರೇ ಬೈದುಕೊಂಡು ಮಾಡಿದ್ರು. ಸುಂಟರಗಾಳಿ ಬರಲಿಲ್ಲ. ಟೈಲರನ ಭಾವಮೈದುನ ಬಿರುಕಿಗೆ ಇಳಿಯಲಿಲ್ಲ, ನೋಡಿ, ಅಲ್ಲೇ ಕೂತು ಕಡಲೆ ತಿಂತಿದ್ದಾನೆ. ಆದ್ರೆ ಈ ಹುಡುಗಿ ಒಬ್ಬಳನ್ನ ಹಿಂದೆ ಹಾಕಿದ್ದು ನಿಜ. ಬರೇ ಒಂದು ಗೇಣು ಅಂತರ. ಅಷ್ಟೇ. ಒಂದು ಗೇಣು."