ಉಗ್ರಾಣದ ಒಳಚಿಲಕ

ಚಹಾದ ಮೇಲೆ ಕೆನೆ ಕಟ್ಟಿದೆ, ಊದಿದರೆ ಒಂದು ಬದಿಗೆ ಸರಿದು ಮತ್ತೆ ಬಂದು ಮುಚ್ಚಿಕೊಳ್ಳುತ್ತದೆ, ಎದುರಿಗೆ ಉಪನಿರ್ದೇಶಕ ಮಾತಾಡುತ್ತಲೇ ಇದ್ದಾನೆ, ಮೇಡಂ, ಉಗ್ರಾಣದ ಮಾಮನ್ನ ಬೇರೆ ಶಿಬಿರಕ್ಕೆ ಹಾಕ್ಬಿಡೋಣ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅಂದ್ರೆ ಇದೊಂದೇ ದಾರಿ, ನಾಳೆ ಹಣ ಕೊಡೋರು ಬರ್ತಾರೆ — ನಿರಾಶ್ರಿತರ ಶಿಬಿರದ ನಿರ್ದೇಶಕಿ ಎಂಬ ಹಲಗೆಯ ಹಿಂದೆ ಕೂತ ಅವಳು ತಲೆಯಾಡಿಸುತ್ತಾಳೆ, ಯಾಕಾಡಿಸಿದೆ ಎಂದು ತನ್ನ ಮೇಲೇ ಸಿಟ್ಟು ಬರುತ್ತದೆ, ಬೇರೆ ಶಿಬಿರದಲ್ಲೇನು ಹೆಣ್ಣುಮಕ್ಕಳಿಲ್ಲವೇ, ಅವರಿಗೇನು ಚಳಿಯಾಗುವುದಿಲ್ಲವೇ. ಹೊರಗೆ ಬೆಂಚಿನ ಮೇಲೆ ಬಟ್ಟೆ ಹೊಲಿಯುವ ಹೆಂಗಸು ಮಗಳ ಕೈ ಹಿಡಿದು ಕೂತಿದ್ದಾಳೆ, ಕಂಬಳಿ ಬೇಕಾದ್ರೆ ಒಳಗೆ ಬಾ ಅಂದು ಆ ಹುಡುಗಿಯನ್ನು ಕರೆದು ಬಾಗಿಲು ಹಾಕಿದನಂತೆ ಮಾಮ, ಉಗ್ರಾಣದವನು, ನಿರ್ದೇಶಕಿಯ ಬಲಗೈಯಂತಿದ್ದವನು, ಪ್ರವಾಹದ ವರ್ಷ ಸೊಂಟದ ತನಕ ನೀರಿನಲ್ಲಿ ನಿಂತು ಮೂಟೆ ಹೊತ್ತವನು, ನೀವು ತಲೆ ಕೆಡಿಸ್ಕೋಬೇಡಿ ಅಮ್ಮಾ ನಾನಿದ್ದೀನಲ್ಲ ಎನ್ನುತ್ತಿದ್ದವನು, ಅವನಿದ್ದಾನೆಂದೇ ಇವಳು ತಲೆ ಕೆಡಿಸಿಕೊಳ್ಳಲಿಲ್ಲ, ಮಾಮ ಎಂದು ಕರೆಯಲು ಮಕ್ಕಳಿಗೆ ಕಲಿಸಿದ್ದೂ ಅವನೇ ಎಂದು ಈಗ ಹೊಳೆಯುತ್ತಿದೆ, ಹೊಳೆಯುತ್ತಿದ್ದದ್ದು ಆ ಚಿಲಕ, ತಪಾಸಣೆಗೆ ಹೋದ ದಿನ ಬಾಗಿಲ ಒಳಮೈಯಲ್ಲಿ ಹೊಸ ಹಿತ್ತಾಳೆ ಚಿಲಕ, ಹಲಗೆಯೆಲ್ಲ ಗೆದ್ದಲು ತಿಂದದ್ದು, ಅದೊಂದೇ ಹೊಸದು, ನೋಡಿದ್ದಳು, ಎಷ್ಟು ನೀಟಾಗಿ ಜೋಡಿಸಿದ್ದೀಯಪ್ಪಾ ಕಂಬಳಿ ಎಂದಿದ್ದಳು. ಉಗ್ರಾಣಕ್ಕೆ ಹೆಂಗಸರು ಒಬ್ಬೊಬ್ಬರೇ ಬರುತ್ತಿರಲಿಲ್ಲ, ಒಬ್ಬಳಿಗೆ ಸೋಪು ಬೇಕಾದರೆ ಜೊತೆಗೆ ಅತ್ತೆ, ನಾದಿನಿ, ಪಕ್ಕದ ಡೇರೆಯವಳು, ಎಷ್ಟು ಒಗ್ಗಟ್ಟು ನೋಡಿ ಎಂದು ಮೆಚ್ಚಿ ಫೋಟೋ ಬೇರೆ ತೆಗೆಸಿದ್ದಳು, ಅಯ್ಯೋ ಪೆದ್ದಿ, ಅದು ಭಯ ಕಣೇ. ಯಾರಾದರೂ ಮೈಮುಟ್ಟಿದರೆ ದೂರು ಕೊಡಿ ಎಂದು ಪೋಸ್ಟರ್ ಅಂಟಿಸಿದಳು, ಸಿಬ್ಬಂದಿಗೆ ತರಬೇತಿ ಕೊಡಿಸಿದಳು, ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ, ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಬೇಲಿ ನೆಟ್ಟವಳು ಯಾರು, ದೂರು ಹೇಳಲು ಅವಳ ಕೋಣೆಗೆ ಬರಬೇಕಾದರೆ ಉಗ್ರಾಣದ ಮುಂದೆಯೇ ಹಾದು ಬರಬೇಕು, ಏನಮ್ಮಾ, ಯಾರು ಬೇಕಿತ್ತು ಎಂದು ಅವನೇ ಕೇಳುತ್ತಾನೆ, ಆ ಚಿಲಕ, ಬೆಳಕು ಬಿದ್ದಾಗ ಮಿಂಚಿತ್ತು.

ಪೊಲೀಸರಿಗೆ ಫೋನ್ ಮಾಡಿ ಎನ್ನುತ್ತಾಳೆ, ಮೇಡಂ ಇದು ನಿಮ್ಮ ಕುರ್ಚಿಗೂ ಬರುತ್ತೆ, ಬರ್ಲಿ ಕಣ್ರೀ, ಎದ್ದು ಬೆಂಚಿನ ಹತ್ತಿರ ಹೋಗಿ ನಿಲ್ಲುತ್ತಾಳೆ, ಏನೇನೋ ಹೇಳಬೇಕು, ಬಾಯಿಗೆ ಬಂದದ್ದು ಒಂದೇ, ನಂಗೆ ಗೊತ್ತಿರ್ಲಿಲ್ಲಮ್ಮಾ. ಹುಡುಗಿ ತಲೆಯೆತ್ತುವುದಿಲ್ಲ, ತಾಯಿ ದನಿಯೇರಿಸದೆ ಹೇಳುತ್ತಾಳೆ, ಅವತ್ತು ನೀವು ಒಳಗೆ ಬಂದಿದ್ರಲ್ಲ, ಇವ್ಳು ಸಾಲಲ್ಲಿ ನಿಂತು ನೋಡ್ತಿದ್ಲಂತೆ, ಚಿಲಕದ ಮೇಲೆ ಕೈ ಇಟ್ರಂತೆ ನೀವು, ಸದ್ಯ ಮೇಡಮ್ಮೋರು ನೋಡಿದ್ರು, ಇನ್ನು ಕೀಳಿಸ್ಬಿಡ್ತಾರೆ ಅಂದ್ಕೊಂಡ್ಲಂತೆ — ಹೌದು, ಕೈ ಇಟ್ಟಿದ್ದಳು, ತಣ್ಣಗಿತ್ತು, ಸದ್ದಿಲ್ಲದೆ ಸರಿದಿತ್ತು, ಎಣ್ಣೆ ಹಾಕಿದ್ದ, ಉಗ್ರಾಣಕ್ಕೆ ಬೀಗ ಹೊರಗೆ, ಹೊರಗೆ ತಾನೇ, ಕಂಬಳಿ ಕಾಯಲು ಒಳಗಿನಿಂದ ಚಿಲಕ ಯಾಕೆ, ಒಳಗಿನಿಂದ, ಹಿತ್ತಾಳೆ ಚಿಲಕ, ಒಳಗಿನಿಂದ