ಲೆಕ್ಕಕ್ಕೆ ಸಿಕ್ಕಿ ಕಣ್ಣಿಗೆ ಸಿಗದ ಪತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ, ಮೂಗು ನನ್ನದು. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕುವವಳು ನಾನು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಸ್ಕ್ರೂಡ್ರೈವರ್. ಕೆಲಸ ಕಲಿಸಿದವರು ಅಪ್ಪ. ನನಗೂ ಅಣ್ಣನಿಗೂ ಒಟ್ಟಿಗೇ ಕಲಿಸಿದರು. ನಾಲಗೆ ಚೂಪು ಎಂದು ನನ್ನನ್ನು ‘ಸೂಜಿ’ ಎಂದು ಕರೆಯಲು ಶುರುಮಾಡಿದವನು ಅಣ್ಣನೇ. ಮದುವೆಯಾದ ಮೇಲೆ ಅವನು ಬೇರೆ ಊರಿನಲ್ಲಿ ಅಂಗಡಿ ಹಾಕಿದ. ಅಪ್ಪನ ಅಂಗಡಿ ನನಗೆ ಉಳಿಯಿತು.

ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ನಮ್ಮ ಕಸುಬಿನವರದೇ ಒಂದು ನ್ಯೂಸ್‌ಗ್ರೂಪ್ ಇದೆ, ಊರೂರಿನ ನಾನೂರು ಮೆಕ್ಯಾನಿಕ್‌ಗಳು ಸೇರಿಕೊಂಡದ್ದು. ಒಬ್ಬರು ಪ್ರಶ್ನೆ ಬರೆದು ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಗೊತ್ತಿದ್ದವರು ಕೆಳಗೆ ಉತ್ತರ ಬರೆಯುತ್ತಾರೆ. ಅಲ್ಲಿಯೂ ನನ್ನ ಹೆಸರು ಸೂಜಿಯೇ. ಅಣ್ಣನಿಗೆ ಗುಂಪಿನವರು ಎಣ್ಣೆಡಬ್ಬಿ ಎಂದು ಹೆಸರಿಟ್ಟಿದ್ದರು. ಏನೇ ಕೇಳಿ, ಅವನ ಉತ್ತರ ‘ಮೊದಲು ಎಣ್ಣೆ ಬಿಡಿ’ ಎಂದೇ ಶುರುವಾಗುತ್ತಿತ್ತು. ದಾರ ತುಂಡಾಗುತ್ತಿದೆಯೇ? ಮೊದಲು ಎಣ್ಣೆ ಬಿಡಿ. ಬೆಲ್ಟ್ ಜಾರುತ್ತಿದೆಯೇ? ಮೊದಲು ಎಣ್ಣೆ ಬಿಡಿ. ‘ಹೆಂಡತಿ ಮಾತು ಬಿಟ್ಟಿದ್ದಾಳೆ, ಏನು ಮಾಡಲಿ?’ ಎಂದು ಯಾರೋ ತಮಾಷೆಗೆ ಕೇಳಿದ್ದಕ್ಕೂ ಅದೇ ಉತ್ತರ ಬಂದಿತ್ತು.

ನಾವು ಮಾತು ಬಿಟ್ಟದ್ದೂ ಆ ಗುಂಪಿನಲ್ಲೇ. ಆರು ವರ್ಷದ ಹಿಂದಿನ ಮಾತು. ಶಾಲೆ ಸಮವಸ್ತ್ರ ಹೊಲಿಯುವ ಒಬ್ಬ ದರ್ಜಿಯಮ್ಮನ ಯಂತ್ರ ನನ್ನ ಕೈಗೆ ಬಂದಿತ್ತು. ಒಳಗಿನ ದೊಡ್ಡ ಶಾಫ್ಟ್ ಕೂರುವ ಜಾಗ ಸವೆದು ಯಂತ್ರವೇ ಗಡಗಡ ನಡುಗುತ್ತಿತ್ತು. ಹೊಸ ಭಾಗ ಎಲ್ಲೂ ಸಿಗಲಿಲ್ಲ. ಕಾಗದದಷ್ಟು ತೆಳುವಾದ ಹಿತ್ತಾಳೆಯ ಪಟ್ಟಿ ಕತ್ತರಿಸಿ, ಉಜ್ಜಿ, ಆ ಸಂದಿನಲ್ಲಿ ಕೂರಿಸಿದೆ. ಯಂತ್ರ ಬೆಣ್ಣೆಯ ಹಾಗೆ ಓಡಿತು. ಹೆಮ್ಮೆಯಿಂದ ಗುಂಪಿನಲ್ಲಿ ಬರೆದೆ. ಅಪ್ಪ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ಅಣ್ಣ ಕೆಳಗೆ ಬರೆದ: ‘ಈ ಹಿತ್ತಾಳೆ ಶಾಫ್ಟನ್ನು ಗೀರಿ ತಿನ್ನುತ್ತದೆ. ವರ್ಷದೊಳಗೆ ಯಂತ್ರ ಗುಜರಿಗೆ. ಅಪ್ಪ ಇದ್ದಿದ್ದರೆ ತಲೆ ತಗ್ಗಿಸುತ್ತಿದ್ದರು.’

ನಾನೂರು ಜನರ ಎದುರು! ಯಂತ್ರದ ಬಗ್ಗೆ ಏನಾದರೂ ಹೇಳಲಿ, ಅಪ್ಪನನ್ನು ಯಾಕೆ ಎಳೆಯಬೇಕಿತ್ತು? ಆ ಸಂಜೆ ಅವನೇ ಫೋನ್ ಮಾಡಿದ. ‘ನಾನು ಹೇಳಿದ್ದು ಯಂತ್ರಕ್ಕೆ ಕಣೆ, ಸೂಜಿ, ನಿನಗೆ...’ ಎನ್ನುವಷ್ಟರಲ್ಲಿ ಫೋನ್ ಕುಕ್ಕಿದೆ. ಮತ್ತೆ ಹೊಡೆಯಿತು, ಎತ್ತಲಿಲ್ಲ. ಮರುದಿನ ಮಗಳನ್ನು ಕೂರಿಸಿಕೊಂಡು ಅವನ ಹೆಸರು ಗುಂಪಿನಲ್ಲಿ ನನ್ನ ಕಣ್ಣಿಗೇ ಬೀಳದ ಹಾಗೆ ಮಾಡಿಸಿದೆ.

ಮಗಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಕಂಪ್ಯೂಟರಿನ ಒಳಹೊರಗು ಬಲ್ಲವಳು. ‘ಅಮ್ಮಾ, ಈ ಬೇಡದವರ ಪಟ್ಟಿಗೆ ಹಾಕಿದ್ರೆ ಮಾವ ಬರೆದಿದ್ದು ಯಾವುದೂ ನಿನಗೆ ಕಾಣಲ್ಲ. ಅವರು ಶುರು ಮಾಡಿದ ಮಾತಿಗೆ ಬೇರೆಯವರು ಕೊಟ್ಟ ಉತ್ತರಾನೂ ಕಾಣಲ್ಲ. ಯೋಚನೆ ಮಾಡಿದ್ಯಾ?’ ಎಂದಳು.

‘ಮಾಡಿದೀನಿ, ಹಾಕು,’ ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅದಕ್ಕೂ ಮುಂಚೆಯೇ ಅವಳು ನನ್ನ ಪರದೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಗಂಟೆಯ ಚಿತ್ರ ಕೂರಿಸಿಕೊಟ್ಟಿದ್ದಳು. ಐದು ನಿಮಿಷಕ್ಕೊಮ್ಮೆ ಅದು ತಾನಾಗಿ ಹೋಗಿ, ಮೇಲ್ ಬಂದಿದೆಯೇ, ಗುಂಪಿನಲ್ಲಿ ಯಾರಾದರೂ ಬರೆದಿದ್ದಾರೆಯೇ ಎಂದು ನೋಡಿ ಬರುತ್ತದೆ. ಬಂದಿದ್ದರೆ ಟಿಣ್ ಎನ್ನುತ್ತದೆ, ಪಕ್ಕದಲ್ಲಿ ಎಷ್ಟು ಎಂದು ಅಂಕೆ ತೋರಿಸುತ್ತದೆ. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಮೇಜಿನ ಹತ್ತಿರ ಕೂತವಳಿಗೆ ಅದು ದೊಡ್ಡ ಅನುಕೂಲ. ಅಣ್ಣನ ಹೆಸರು ಪಟ್ಟಿಗೆ ಸೇರಿದ ಮರುದಿನ ಬೆಳಿಗ್ಗೆ ಗಂಟೆ ‘ನಾಲ್ಕು’ ಎಂದಿತು. ಕೈ ಒರೆಸಿಕೊಂಡು ಹೋಗಿ ತೆರೆದರೆ ಮೂರೇ ಪತ್ರ.

‘ನಿನ್ನ ಗಂಟೆಗೆ ಲೆಕ್ಕ ಬರಲ್ಲ,’ ಎಂದು ಮಗಳಿಗೆ ಹೇಳಿದೆ.

‘ಎಣಿಸೋ ಪ್ರೋಗ್ರಾಮ್ ಬೇರೆ, ತೋರಿಸೋ ಪ್ರೋಗ್ರಾಮ್ ಬೇರೆ ಅಮ್ಮ. ಪಟ್ಟಿ ಇರೋದು ತೋರಿಸೋದ್ರಲ್ಲಿ. ಗಂಟೆಗೆ ನಿನ್ನ ಜಗಳ ಗೊತ್ತಿಲ್ಲ, ಪಾಪ, ಅದು ಮಾವನ್ನೂ ಸೇರಿಸಿ ಎಣಿಸುತ್ತೆ. ಸರಿ ಮಾಡಿಕೊಡ್ಲಾ?’

‘ಇರಲಿ ಬಿಡು, ನನಗೇನು,’ ಎಂದೆ.

ಆಮೇಲೆ ಮಗಳು ಎರಡು ಮೂರು ಸಲ ಮಾವನ ಸುದ್ದಿ ಎತ್ತಲು ಬಂದು ನನ್ನಿಂದ ಬೈಸಿಕೊಂಡ ಮೇಲೆ ಆ ಸುದ್ದಿಯನ್ನೇ ಬಿಟ್ಟಳು.

ಆರು ವರ್ಷ ಹಾಗೆಯೇ ನಡೆಯಿತು. ಅಣ್ಣ ಅಂಗಡಿ ತೆರೆಯುವ ಮೊದಲು, ಬೆಳಿಗ್ಗೆ ಎಂಟೂವರೆಗೆ ಗುಂಪಿನಲ್ಲಿ ಬರೆಯುತ್ತಿದ್ದ. ನನ್ನ ಗಂಟೆ ಐದು ಎಂದರೆ ನಾಲ್ಕು ಕಾಣುತ್ತಿತ್ತು, ಎರಡು ಎಂದರೆ ಒಂದು. ಆ ಒಂದು ಹೆಚ್ಚು ಅಣ್ಣನದು. ಏನು ಬರೆದ, ಯಾರಿಗೆ ಬರೆದ, ನನಗೆ ಬೇಡ. ಇದ್ದಾನೆ, ಎದ್ದಿದ್ದಾನೆ, ಬರೆದಿದ್ದಾನೆ. ಅಷ್ಟು ತಿಳಿದುಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ನಾನು ಏನಾದರೂ ಪ್ರಶ್ನೆ ಕೇಳಿದ ದಿನ ಗುಂಪಿನವರು ‘ಮೇಲೆ ಹೇಳಿದ್ದೇ ಸರಿ, ಹಾಗೇ ಮಾಡಿ’ ಎಂದು ಬರೆಯುತ್ತಿದ್ದರು. ಮೇಲೆ ನೋಡಿದರೆ ಏನೂ ಇರುತ್ತಿರಲಿಲ್ಲ. ಹೇಳಿದವನು ಯಾರು ಎಂದು ಊಹಿಸಲಾರದಷ್ಟು ದಡ್ಡಿಯೇನಲ್ಲ ನಾನು. ಆದರೂ ಕಂಡೂ ಕಾಣದ ಹಾಗೆ ಇದ್ದೆ.

ಕಳೆದ ತಿಂಗಳು ಒಂದು ಸೋಮವಾರ ಗಂಟೆ ಬಿಡುವಿಲ್ಲದೆ ಹೊಡೆಯಿತು. ಸಂಜೆಗೆ ಇಪ್ಪತ್ತು ಎಂದು ತೋರಿಸಿತು. ತೆರೆದರೆ ಕಂಡದ್ದು ಆರು. ಹದಿನಾಲ್ಕು ಹೆಚ್ಚು! ಎಣ್ಣೆಡಬ್ಬಿ ಯಾರ ಮೇಲೋ ಜಗಳಕ್ಕೆ ಬಿದ್ದಿದ್ದಾನೆ, ಬೀಳಲಿ, ನಾನೊಬ್ಬಳೇ ಯಾಕೆ ಅನುಭವಿಸಬೇಕು ಎಂದು ಒಳಗೊಳಗೇ ನಕ್ಕೆ. ಮರುದಿನ ಎರಡು ಹೆಚ್ಚು. ಬುಧವಾರ ಗಂಟೆ ಮೂರು ಎಂದಿತು. ತೆರೆದೆ, ಮೂರೇ ಇತ್ತು.

ಮತ್ತೆ ಎಣಿಸಿದೆ. ಮೂರು.

ಗುರುವಾರ ಗಂಟೆಗೂ ಪರದೆಗೂ ಲೆಕ್ಕ ಸರಿ ಹೊಂದಿತು. ಶುಕ್ರವಾರವೂ. ಲೆಕ್ಕ ಸರಿಯಾಯಿತೆಂದು ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆಯೇ? ನನಗೆ ಅಂದಿತು. ಮಗಳ ಮೇಲೆ ರೇಗಿದೆ: ‘ಏನೋ ತಿರುಚಿಟ್ಟಿದೀಯ ನೀನು. ಗಂಟೆ ಕೆಟ್ಟಿದೆ.’

ಅವಳು ಕೂತು, ತನ್ನ ಹೆಸರಿನಿಂದ ಗುಂಪಿಗೆ ‘ಪರೀಕ್ಷೆ’ ಎಂದು ಬರೆದು ಹಾಕಿದಳು. ಐದು ನಿಮಿಷಕ್ಕೆ ಟಿಣ್ ಎಂದಿತು. ಒಂದು ಎಂದಿತು, ಒಂದೇ ಕಾಣಿಸಿತು. ‘ಗಂಟೆ ಸರಿಯಾಗೇ ಇದೆ ಅಮ್ಮ,’ ಎಂದಳು ಮೆಲ್ಲಗೆ. ‘ಮಾವ ಬರೀತಿಲ್ಲ. ಒಂದು ಫೋನ್ ಮಾಡಬಾರದಾ?’

‘ಅವನಿಗೆ ಕೈಯಿಲ್ವಾ? ಅವನೇ ಮಾಡ್ಲಿ.’

ಹೇಳಿದ್ದೇನೋ ಹೇಳಿದೆ. ಆ ದಿನಗಳಲ್ಲಿ ನಾನು ಮಾಡಿದ ಕೆಲಸ ಅಪ್ಪ ನೋಡಿದ್ದರೆ ನಿಜಕ್ಕೂ ತಲೆ ತಗ್ಗಿಸುತ್ತಿದ್ದರು. ಒಂದು ಯಂತ್ರಕ್ಕೆ ಸೂಜಿಯನ್ನೇ ಹಿಂದುಮುಂದಾಗಿ ಹಾಕಿ ಕಳಿಸಿದೆ. ಗುಂಪಿನಲ್ಲಿ ನಾನೂ ಏನೂ ಬರೆಯಲಿಲ್ಲ, ಮನಸ್ಸಾಗಲಿಲ್ಲ. ಟಿಣ್ ಎಂದ ಕೂಡಲೇ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡುವುದು, ಎಣಿಸುವುದು, ಸರಿಯಾಗಿದೆ ಎಂದು ನೋಡಿ ಕುಸಿದು ಕೂರುವುದು. ಹನ್ನೊಂದು ದಿನ ಹೀಗೆ ಕಳೆಯಿತು. ಹನ್ನೊಂದನೆಯ ದಿನ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಆ ಪಟ್ಟಿ ತೆರೆದು ಅಣ್ಣನ ಹೆಸರು ನಾನೇ ಅಳಿಸಿದೆ.

ಪರದೆ ಒಂದು ಕ್ಷಣ ನಿಂತಿತು. ಆಮೇಲೆ ಪತ್ರಗಳು ಬರತೊಡಗಿದವು, ಸಾಲಿನ ಮೇಲೆ ಸಾಲು, ಆರು ವರ್ಷದ್ದು. ಎಲ್ಲವೂ ಅಲ್ಲೇ ಇದ್ದವು. ನಾನು ಕೇಳಿದ ಒಂದೊಂದು ಪ್ರಶ್ನೆಯ ಕೆಳಗೂ ಎಲ್ಲರಿಗಿಂತ ಮೊದಲು ಅವನ ಉತ್ತರವಿತ್ತು. ಬಾಬಿನ್ ಹತ್ತಿರ ದಾರ ಸಿಕ್ಕಿಕೊಂಡದ್ದಕ್ಕೆ, ಪೆಡಲ್ ಬಿಗಿಯಾದದ್ದಕ್ಕೆ, ಪೇಟೆಯಲ್ಲಿ ಸಿಗದ ಸ್ಪ್ರಿಂಗ್ ಯಾರ ಹತ್ತಿರ ಇದೆ ಎಂದು ವಿಳಾಸದ ಸಮೇತ. ‘ಮೊದಲು ಎಣ್ಣೆ ಬಿಡು’ ಎಂದು ನನಗೆ ಮಾತ್ರ ಏಕವಚನ. ನಾನು ಒಮ್ಮೆಯೂ ಮರುಮಾತು ಬರೆದಿರಲಿಲ್ಲ, ಅವನು ಒಮ್ಮೆಯೂ ಬಿಟ್ಟಿರಲಿಲ್ಲ. ಪಟ್ಟಿಯ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ.

ಕೊನೆಯದು ಆ ಸೋಮವಾರದ್ದು.

‘ಎಲ್ಲರಿಗೂ: ಆರು ವರ್ಷದ ಹಿಂದೆ ನಿಮ್ಮೆಲ್ಲರ ಎದುರು ಸೂಜಿಯ ಕೆಲಸ ತಪ್ಪು ಎಂದಿದ್ದೆ. ಆ ಯಂತ್ರದ ದರ್ಜಿಯಮ್ಮ ಈಗ ನಮ್ಮ ಊರಿಗೆ ಬಂದಿದ್ದಾರೆ. ಯಂತ್ರ ನನ್ನ ಮೇಜಿಗೆ ಬಂತು. ಬಿಚ್ಚಿ ನೋಡಿದೆ. ಹಿತ್ತಾಳೆ ಸವೆದಿದೆ, ಶಾಫ್ಟಿನ ಮೇಲೆ ಒಂದು ಗೀರಿಲ್ಲ. ತಪ್ಪು ನನ್ನದು. ಎಲ್ಲರ ಎದುರು ಅಂದದ್ದನ್ನು ಎಲ್ಲರ ಎದುರೇ ಹಿಂದೆ ತೆಗೆದುಕೊಳ್ಳುತ್ತಿದ್ದೇನೆ. ಅಪ್ಪ ಇದ್ದಿದ್ದರೆ ಇದನ್ನು ಕೈಯಲ್ಲಿ ಹಿಡಿದು ಊರೆಲ್ಲ ತೋರಿಸುತ್ತಿದ್ದರು. ನಾಳೆ ನನಗೆ ಒಂದು ಆಪರೇಷನ್ ಇದೆ. ಕೆಲವು ದಿನ ಬರೆಯಲಾರೆ. ಏನಾದರೂ ಕೇಳುವುದಿದ್ದರೆ ಸೂಜಿಯನ್ನು ಕೇಳಿ. ನನಗಿಂತ ಚೆನ್ನಾಗಿ ಬಲ್ಲಳು.’

ಕೆಳಗೆ ಹದಿನೈದು ಉತ್ತರ. ಬೇಗ ಗುಣವಾಗಿ ಎಂದು ಹಲವರು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬರೆದಿದ್ದ: ‘ಸೂಜಿಯವರೇ, ಓದಿದಿರಾ? ಒಂದು ಮಾತು ಬರೆಯಬಾರದೇ?’ ಆಮೇಲೆ ಆ ಪತ್ರದ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಎಲ್ಲರೂ ನನ್ನ ಒಂದು ಮಾತಿಗೆ ಕಾದು ಸುಮ್ಮನಾಗಿದ್ದರು. ನಾನು ಆ ದಿನ ಹದಿನಾಲ್ಕು ಹೆಚ್ಚು ಎಂದು ನಗುತ್ತಾ ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಅತ್ತಿಗೆಗೆ ಫೋನ್ ಮಾಡಿದೆ. ನಂಬರು ಎರಡು ಸಲ ತಪ್ಪಿತು. ಅವರು ಎತ್ತಿದರು.

‘ಅತ್ತಿಗೆ, ನಾನು.’

‘ಓದಿದ್ಯೇನಮ್ಮಾ?’ ಎಂದರು.

‘ಈಗ ಓದಿದೆ. ಅಣ್ಣ...?’

‘ಇದಾರೆ. ನಿನ್ನೆ ಮನೆಗೆ ಕರ್ಕೊಂಡು ಬಂದ್ವಿ. ಗಂಟಲಲ್ಲಿ ಗೆಡ್ಡೆ ಕಣಮ್ಮ. ಧ್ವನಿಪೆಟ್ಟಿಗೇನೇ ತೆಗೆದುಬಿಟ್ರು. ಇನ್ನು ಮಾತಿಲ್ಲ. ಮುಂದೆ ಹೇಗೋ ಏನೋ, ನೋಡ್ಬೇಕು ಅಂದಿದಾರೆ ಡಾಕ್ಟ್ರು.’

‘ನನಗೆ ಒಂದು ಮಾತು ಹೇಳ್ಬಾರದಿತ್ತಾ ಅತ್ತಿಗೆ?’

‘ಆಣೆ ಹಾಕಿಸ್ಕೊಂಡಿದ್ರು. ಕಾಯಿಲೆ ಅಂತ ಕನಿಕರಕ್ಕೆ ಬರೋದು ಬೇಡ, ನನ್ನ ಕಾಗದ ಓದಿ ಬರೋದಾದ್ರೆ ಬರ್ಲಿ ಅಂತ. ನಿನ್ನೆಯಿಂದ ಆ ಕಂಪ್ಯೂಟರ್ ಮುಂದೇನೇ ಕೂತಿದಾರೆ. ಬರೀರಿ ಅಂದ್ರೆ ತಲೆ ಆಡಿಸ್ತಾರೆ. ಗಂಟೆ ಕಾಯ್ತಿದಾರೆ.’

‘ಯಾವ ಗಂಟೆ?’

‘ಪರದೆ ಮೂಲೇಲಿ ಇರುತ್ತಲ್ಲ, ನಿನ್ನ ಮಗಳು ಹಿಂದೆ ಇವರಿಗೂ ಹಾಕಿಕೊಟ್ಟಿದ್ದು, ಅದೇ. ಬೇರೆ ಯಾರು ಬರೆದ್ರೂ ಅದಕ್ಕೆ ಸದ್ದಿಲ್ಲ. ಎಲ್ಲರದೂ ಬಾಯಿ ಮುಚ್ಚಿ, ನಿನ್ನೊಬ್ಬಳ ಹೆಸರಿಗೆ ಮಾತ್ರ ಹೊಡೆಯೋ ಹಾಗೆ ಇಟ್ಕೊಂಡಿದಾರೆ. ಆರು ವರ್ಷ ಆಯ್ತು. ಟಿಣ್ ಅಂದ್ರೆ ಊಟದ ಮಧ್ಯೆ ಎದ್ದು ಹೋಗೋರು.’

ಎಲ್ಲರಿಗೂ ತೆರೆದಿಟ್ಟು ಅವನೊಬ್ಬನ ಬಾಯಿ ಮುಚ್ಚಿಸಿದವಳು ನಾನು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಪ್ಪ ನನಗೆ ಎಷ್ಟು ಸಲ ಹೇಳಿದ್ದರು!

‘ಅತ್ತಿಗೆ, ಫೋನ್ ಇಡಬೇಡಿ,’ ಎಂದೆ. ಫೋನನ್ನು ಮೇಜಿನ ಮೇಲಿಟ್ಟು, ಎರಡೇ ಬೆರಳಿನಲ್ಲಿ, ಗುಂಪಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆದೆ:

‘ಅಣ್ಣಾ, ಇವತ್ತು ಓದಿದೆ. ಇಷ್ಟು ದಿನ ಓದದೆ ಇದ್ದದ್ದು ನನ್ನ ತಪ್ಪು, ಯಂತ್ರದ್ದಲ್ಲ. ಕ್ಷಮೆ ಕೇಳಲು ಬರುವುದಿಲ್ಲ ನನಗೆ, ನಿನಗೆ ಗೊತ್ತು. ಆರು ವರ್ಷ ಓಡಿಸದೆ ಬಿಟ್ಟದ್ದು ತುಕ್ಕು ಹಿಡಿದು ಬಿಗಿದುಕೊಂಡಿದೆ. ಏನು ಮಾಡಲಿ ಹೇಳು.’

ಕಳಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ. ಐದು ನಿಮಿಷಕ್ಕೊಮ್ಮೆ ತಾನೇ ಅದು ನೋಡುವುದು. ಅವರ ಮನೆಯ ಫ್ಯಾನ್ ತಿರುಗುವುದು ಕೇಳುತ್ತಿತ್ತು. ಹತ್ತಿರದಲ್ಲೇ ಯಾರೋ ಒರಟಾಗಿ, ಶಿಳ್ಳೆಯ ಹಾಗೆ ಉಸಿರೆಳೆಯುವುದೂ ಕೇಳುತ್ತಿತ್ತು.

ಟಿಣ್.

ಕುರ್ಚಿ ಕಿರ್ರೆಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ‘ಏನ್ ಮಾಡ್ತಿದಾನೆ ಅತ್ತಿಗೆ?’ ಎಂದೆ.

‘ನಗ್ತಿದಾರೋ ಅಳ್ತಿದಾರೋ ಗೊತ್ತಾಗ್ತಿಲ್ಲ ಕಣೇ,’ ಎಂದರು ಅತ್ತಿಗೆ. ‘ಆ ಕಡೆ ತಿರುಗಿ ಕೂತಿದಾರೆ. ಸದ್ದೇ ಇಲ್ವಲ್ಲ.’

ಕೀಲಿಗಳ ಟಕಟಕ ಕೇಳಿಸಿತು. ನನ್ನ ಪರದೆಯ ಮೂಲೆಯನ್ನು ನೋಡುತ್ತಾ ಕೂತೆ. ಗಂಟೆ ಹೊಡೆದು ಒಂದು ಎಂದಿತು. ತೆರೆದೆ, ಒಂದು ಇತ್ತು.

‘ಮೊದಲು ಎಣ್ಣೆ ಬಿಡು. ಆಮೇಲೆ ಬಾ.’

ಅಂಗಡಿಯ ಬಾಗಿಲೆಳೆದು ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತು, ಆ ಎರಡು ಮಾತನ್ನು ಅಣ್ಣನ ಧ್ವನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಎಷ್ಟು ನೆನೆದರೂ ಬರಲಿಲ್ಲ. ನೆನಪಿಗೆ ಬಂದದ್ದು ‘ನಾನು ಹೇಳಿದ್ದು ಯಂತ್ರಕ್ಕೆ ಕಣೆ, ಸೂಜಿ, ನಿನಗೆ...’ ಎಂಬುದೊಂದೇ. ಅವನ ಧ್ವನಿಯಲ್ಲಿ ನನ್ನ ಹತ್ತಿರ ಉಳಿದಿರುವುದು ಅಷ್ಟೇ, ಅದನ್ನೂ ಅರ್ಧಕ್ಕೆ ಕತ್ತರಿಸಿದವಳು ನಾನೇ.